ಯಾವ ಮಹಡಿಯಿಂದ ನ್ಯೂಯಾರ್ಕ್?

ನ್ಯೂಯಾರ್ಕಿಗೆ ಹೋದವರು ಒಮ್ಮೆಯಾದರೂ ಎತ್ತರದ ಕಟ್ಟಡ ಹತ್ತಿ ಊರು ನೋಡಿ ಬರಬೇಕೆನ್ನುವುದು ಈಗ ಪ್ರವಾಸದ ಶಾಸ್ತ್ರವೇ ಆಗಿದೆ. ತೊಡಕಿರುವುದು ಯಾವುದನ್ನು ಹತ್ತಬೇಕು ಎಂಬಲ್ಲಿ. ಮ್ಯಾನ್‌ಹಟನ್ ದ್ವೀಪವೊಂದರಲ್ಲೇ ಟಿಕೆಟ್ಟು ಕೊಂಡು ಏರಬಹುದಾದ ದೊಡ್ಡ ಡೆಕ್ಕುಗಳು ಐದಿವೆ: ಎಂಪೈರ್ ಸ್ಟೇಟ್ ಕಟ್ಟಡದ್ದು, ರಾಕಫೆಲ್ಲರ್ ಸೆಂಟರಿನ ಟಾಪ್ ಆಫ್ ದಿ ರಾಕ್, ಒನ್ ವರ್ಲ್ಡ್ ಅಬ್ಸರ್ವೇಟರಿ, ಹಡ್ಸನ್ ಯಾರ್ಡ್ಸ್‌ನ ಎಡ್ಜ್ ಮತ್ತು ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಪಕ್ಕದ ಸಮಿಟ್ ಒನ್ ವ್ಯಾಂಡರ್‌ಬಿಲ್ಟ್. ಒಂದೊಂದರ ಟಿಕೆಟ್ಟೂ 40 ಡಾಲರಿನ ಆಚೀಚೆ. ಸೂರ್ಯಾಸ್ತದ ಹೊತ್ತಿಗೆ ಬೇಕೆಂದರೆ ಹಲವೆಡೆ ಇನ್ನೂ ಹೆಚ್ಚು. ನ್ಯೂಜೆರ್ಸಿಯ ಮಗಳ ಮನೆಗೆ ಬಂದಿಳಿದ ಅಪ್ಪ ಅಮ್ಮ, ಮಗಳು, ಅಳಿಯ ಸೇರಿ ನಾಲ್ವರು ಹೊರಟರೂ ನಮ್ಮ ಲೆಕ್ಕದಲ್ಲಿ 13 ಸಾವಿರ ರೂಪಾಯಿ ದಾಟುತ್ತದೆ. ಆದ್ದರಿಂದ ಹೆಚ್ಚಿನವರು ಒಂದನ್ನೇ ಆರಿಸುತ್ತಾರೆ. ಆರಿಸುವಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಯಾವುದು ಹೆಚ್ಚು ಎತ್ತರ ಎಂಬುದು. ನನ್ನ ಪ್ರಕಾರ ಅಷ್ಟು ಉಪಯೋಗಕ್ಕೆ ಬಾರದ ಪ್ರಶ್ನೆ ಇನ್ನೊಂದಿಲ್ಲ.

ಲೆಕ್ಕ ಹಾಕಿ ನೋಡೋಣ. ಮೇಲೇರಿದಂತೆ ದಿಗಂತ ದೂರ ಸರಿಯುತ್ತದೆ ನಿಜ, ಆದರೆ ಏರಿದಷ್ಟೇ ಪ್ರಮಾಣದಲ್ಲಿ ಅಲ್ಲ, ಎತ್ತರದ ವರ್ಗಮೂಲದ ಪ್ರಮಾಣದಲ್ಲಿ. 850 ಅಡಿಯ ರಾಕ್ ಮೇಲೆ ನಿಂತವರಿಗೆ ದಿಗಂತ ಸುಮಾರು 57 ಕಿಲೋಮೀಟರ್ ದೂರ. 1,250 ಅಡಿಗೆ ಹೋದರೆ 70 ಕಿಲೋಮೀಟರ್. ಹೆಚ್ಚುಕಡಿಮೆ ಅರ್ಧದಷ್ಟು ಹೆಚ್ಚು ಹತ್ತಿದರೂ ದಕ್ಕುವುದು ಕಾಲುಭಾಗಕ್ಕಿಂತ ಕಡಿಮೆ. ಆ ಹೆಚ್ಚುವರಿ 13 ಕಿಲೋಮೀಟರ್ ಬೇಸಿಗೆಯಲ್ಲಂತೂ ಮಬ್ಬಿನಲ್ಲೇ ಕರಗಿಹೋಗಿರುತ್ತದೆ. ಅದಕ್ಕೆ ಪ್ರತಿಯಾಗಿ ಕಳೆದುಕೊಳ್ಳುವುದು ಹತ್ತಿರದ ವಿವರ: ಹಳೆಯ ಕಟ್ಟಡಗಳ ತಾರಸಿಯ ಮರದ ನೀರಿನ ಟ್ಯಾಂಕುಗಳು, ಹಳದಿ ಟ್ಯಾಕ್ಸಿಗಳ ಸಾಲು, ರಸ್ತೆ ದಾಟುವ ಜನ. ಒಂದು ಹಂತ ಮೀರಿದ ಮೇಲೆ ಊರು ಊರಾಗಿ ಉಳಿಯುವುದಿಲ್ಲ, ನಕ್ಷೆಯಾಗಿಬಿಡುತ್ತದೆ. ಇನ್ನು ಮಹಡಿಯ ಸಂಖ್ಯೆಯನ್ನಂತೂ ನಂಬುವ ಹಾಗೇ ಇಲ್ಲ. ಒನ್ ವರ್ಲ್ಡ್ ಟ್ರೇಡ್ ಸೆಂಟರಿನ ಕೊನೆಯ ಮಹಡಿಗೆ 104 ಎಂಬ ಸಂಖ್ಯೆಯಿದೆ. ಎಣಿಸಿದರೆ ಇರುವುದು 94 ಮಹಡಿ. ಕಟ್ಟುವವರು ನಡುವೆ ಕೆಲವು ಸಂಖ್ಯೆಗಳನ್ನು ಹಾರಿಸಿ ಬೋರ್ಡಿನ ಮೇಲೆ ಎತ್ತರ ಗಳಿಸುತ್ತಾರೆ.

ಹಾಗಾದರೆ ಯಾವುದನ್ನು ನೋಡಿ ತೂಗಬೇಕು? ಮೂರು ಸಂಗತಿ ಸಾಕು. ನಿಂತ ಜಾಗದಿಂದ ಏನು ಕಾಣುತ್ತದೆ, ಯಾವುದು ಮರೆಯಾಗುತ್ತದೆ? ಕಣ್ಣಿಗೂ ಊರಿಗೂ ನಡುವೆ ಏನನ್ನು ತಂದು ನಿಲ್ಲಿಸಿದ್ದಾರೆ? ಮೇಲೆ ಬಂದವರಿಂದ ಏನು ಮಾಡಿಸಲು ನೋಡುತ್ತಾರೆ? ಮೂರನೆಯದು ಅಷ್ಟೇನೂ ಮುಖ್ಯವಲ್ಲವೆಂದು ತೋರಬಹುದು. ಆದರೆ 1931ರಿಂದ 2021ರವರೆಗಿನ ಈ ಐದು ಡೆಕ್ಕುಗಳನ್ನು ಸಾಲಾಗಿ ಇಟ್ಟು ನೋಡಿದರೆ ಅವುಗಳ ಇತಿಹಾಸವೆಲ್ಲ ಅದರಲ್ಲೇ ಅಡಗಿದೆ.

ಎಂಪೈರ್ ಸ್ಟೇಟ್ ಕಟ್ಟಡ ತೆರೆದದ್ದು 1931ರ ಮೇ 1ರಂದು, ಮಹಾ ಆರ್ಥಿಕ ಕುಸಿತದ ನಡುವೆ. ಬಾಡಿಗೆಗೆ ಬರುವವರಿಲ್ಲದೆ ಖಾಲಿ ಬಿದ್ದಿದ್ದ ಅದನ್ನು ಊರಿನವರು 'ಎಂಪ್ಟಿ ಸ್ಟೇಟ್ ಕಟ್ಟಡ' ಎಂದು ಗೇಲಿ ಮಾಡುತ್ತಿದ್ದರು. ಆಗ ಕೈ ಹಿಡಿದದ್ದು 86ನೆಯ ಮಹಡಿಯ ಡೆಕ್ಕು. ಮೊದಲ ವರ್ಷ ಟಿಕೆಟ್ಟಿನಿಂದಲೇ ಸುಮಾರು 20 ಲಕ್ಷ ಡಾಲರ್ ಬಂತು. ಕಚೇರಿಗಳ ಬಾಡಿಗೆಯಿಂದ ಬಂದದ್ದೂ ಹೆಚ್ಚುಕಡಿಮೆ ಅಷ್ಟೇ. ನೋಟವನ್ನು ಮಾರಿ ಕಟ್ಟಡ ಸಾಕಬಹುದೆಂಬ ಪಾಠವನ್ನು ಈ ವ್ಯಾಪಾರ ಕಲಿತದ್ದು ಅಲ್ಲಿ.

ಆ 86ನೆಯ ಮಹಡಿ ಇಂದಿಗೂ ಒಳ್ಳೆಯ ಡೆಕ್ಕು. 1,050 ಅಡಿ ಎತ್ತರದಲ್ಲಿ, ಕಟ್ಟಡದ ಸುತ್ತ ನಾಲ್ಕೂ ದಿಕ್ಕಿಗೆ ತೆರೆದುಕೊಂಡಿದೆ. ಗಾಜಿಲ್ಲ, ಎದೆಮಟ್ಟದ ಗೋಡೆ, ಅದರ ಮೇಲೆ ಕಬ್ಬಿಣದ ಜಾಲರಿ. ಗಾಳಿ ಮುಖಕ್ಕೆ ಬಡಿಯುತ್ತದೆ, ಕೆಳಗಿನ ಸೈರನ್ನುಗಳ ಸದ್ದು ಮೇಲಕ್ಕೇರಿ ಬರುತ್ತದೆ. ಬ್ರಾಡ್‌ವೇ ಓರೆಯಾಗಿ ಬಂದು ಐದನೆಯ ಅವೆನ್ಯೂವನ್ನು ಕತ್ತರಿಸುವ ಜಾಗದಲ್ಲಿ ನಿಂತ ಫ್ಲಾಟ್‌ಐರನ್ ಕಟ್ಟಡದ ಆಕಾರ ಯಾಕೆ ಹಾಗಿದೆ ಎಂಬುದು ಇಲ್ಲಿಂದ ತಟ್ಟನೆ ತಿಳಿಯುತ್ತದೆ. 1916ರ ಕಟ್ಟಡ ನಿಯಮ ರಸ್ತೆಗೆ ಗಾಳಿ ಬೆಳಕು ಬೀಳಲೆಂದು ಮೇಲೇರಿದಂತೆ ಹಿಂದಕ್ಕೆ ಸರಿಯಬೇಕೆಂದು ವಿಧಿಸಿತ್ತು. ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಹಳೆಯ ಕಟ್ಟಡಗಳೂ ಮೇಲಿನಿಂದ ನೋಡಿದರೇ ಅರ್ಥವಾಗುವುದು. 102ನೆಯ ಮಹಡಿಗೆ ಇನ್ನಷ್ಟು ದುಡ್ಡು ಕೊಡಬೇಕು. 2019ರಲ್ಲಿ ನೆಲದಿಂದ ಚಾವಣಿಯವರೆಗೆ ಗಾಜು ಹಾಕಿ ಅದನ್ನು ಹೊಸದು ಮಾಡಿದ್ದಾರೆ. ಆ ದುಡ್ಡು ಉಳಿಸಿಕೊಂಡರೆ ನಷ್ಟವೇನೂ ಇಲ್ಲ.

ಆದರೆ ಇದಕ್ಕೊಂದು ದೊಡ್ಡ ಕೊರತೆಯಿದೆ. ಎಂಪೈರ್ ಸ್ಟೇಟ್ ಮೇಲೆ ನಿಂತವರಿಗೆ ಎಂಪೈರ್ ಸ್ಟೇಟ್ ಕಾಣುವುದಿಲ್ಲ. ಚಾಮುಂಡಿ ಬೆಟ್ಟದಿಂದ ಮೈಸೂರು ನೋಡುವವರ ಕಣ್ಣು ಮೊದಲು ಹುಡುಕುವುದು ಅರಮನೆಯನ್ನು. ಅರಮನೆಯ ಗೋಪುರದ ಮೇಲೇ ನಿಂತರೆ ಮನೆ ರಸ್ತೆಗಳೆಲ್ಲ ಕಂಡಾವು, ಮೈಸೂರು ಕಂಡಿತೆನ್ನಿಸಲಿಕ್ಕಿಲ್ಲ. ಜತೆಗೆ ಉತ್ತರಕ್ಕೆ ಮಿಡ್‌ಟೌನಿನ ಗೋಪುರಗಳು ಅಡ್ಡ ಬಂದು ಸೆಂಟ್ರಲ್ ಪಾರ್ಕನ್ನು ಬಹುಪಾಲು ಮರೆಮಾಡುತ್ತವೆ.

ಈ ಎರಡೂ ಕೊರತೆಗಳನ್ನು ನೀಗುವುದು ಟಾಪ್ ಆಫ್ ದಿ ರಾಕ್. 1933ರಲ್ಲಿ ತೆರೆದಾಗ ಅದನ್ನು ಸಾಗರದ ಹಡಗಿನ ಮೇಲ್ಮಹಡಿಯ ಹಾಗೆ ರೂಪಿಸಿ, ಕೂರಲು ಹಡಗಿನ ಕುರ್ಚಿಗಳನ್ನೇ ಹಾಕಿದ್ದರು. 1986ರಲ್ಲಿ ಮುಚ್ಚಿತು, ಮತ್ತೆ ತೆರೆದದ್ದು 2005ರಲ್ಲಿ. ಉತ್ತರಕ್ಕೆ ತಿರುಗಿದರೆ ಸೆಂಟ್ರಲ್ ಪಾರ್ಕು ಉದ್ದಕ್ಕೆ ಮಲಗಿದೆ. ದಕ್ಷಿಣಕ್ಕೆ ತಿರುಗಿದರೆ ನಡುಮಧ್ಯೆ ಎಂಪೈರ್ ಸ್ಟೇಟ್, ಅದರ ಹಿಂದೆ ದೂರದಲ್ಲಿ ಒನ್ ವರ್ಲ್ಡ್. 67 ಮತ್ತು 69ನೆಯ ಮಹಡಿಗಳಲ್ಲಿ ಗಾಜಿನ ತಡೆಗಳಿವೆ. 70ನೆಯದು ಕೆಳಗಿನ ಮಹಡಿಗಿಂತ ಹಿಂದಕ್ಕೆ ಸರಿದು ಕೂತಿರುವುದರಿಂದ ಅಲ್ಲಿ ಗಾಜು ಬೇಕಾಗಿಲ್ಲ. ಕಣ್ಣಿಗೂ ಊರಿಗೂ ನಡುವೆ ಏನೂ ಇಲ್ಲ. ಐದರಲ್ಲಿ ಎಲ್ಲಕ್ಕಿಂತ ಗಿಡ್ಡನೆಯ ಡೆಕ್ಕು ಇದು. ಸುತ್ತಲಿನ ಗೋಪುರಗಳು ಕಾಲ ಕೆಳಗೆ ಬೀಳದೆ ಕಣ್ಣೆತ್ತರದಲ್ಲಿ ಸುತ್ತುವರಿಯುವುದು ಇದು ಗಿಡ್ಡ ಎಂಬುದರಿಂದಲೇ.

ಉತ್ತರದ ನೋಟ ಹಿಂದಿನಷ್ಟು ತೆರವಾಗಿ ಉಳಿದಿಲ್ಲವೆಂಬುದನ್ನೂ ಹೇಳಬೇಕು. ಪಾರ್ಕಿನ ದಕ್ಷಿಣ ಅಂಚಿನ ಬಳಿ ಕೋಟ್ಯಧಿಪತಿಗಳ ಸಪೂರ ವಸತಿ ಗೋಪುರಗಳು ಎದ್ದಿವೆ. ಅವುಗಳಲ್ಲೊಂದಾದ ಸೆಂಟ್ರಲ್ ಪಾರ್ಕ್ ಟವರ್ 1,550 ಅಡಿ ಇದ್ದು ಎಂಪೈರ್ ಸ್ಟೇಟಿನ ಚಾವಣಿಯನ್ನೂ ಮೀರಿದೆ. ಅಲ್ಲಿಗೆ ಟಿಕೆಟ್ಟಿಲ್ಲ. ಊರಿನ ಅತಿ ಎತ್ತರದ ನೋಟಗಳಲ್ಲಿ ಕೆಲವು ಈಗ ಯಾರದೋ ಮಲಗುವ ಕೋಣೆಯ ಪಾಲು.

ದಕ್ಷಿಣ ತುದಿಯ ಒನ್ ವರ್ಲ್ಡ್ ಅಬ್ಸರ್ವೇಟರಿ ಬೇರೆಯದೇ ಬಗೆ. ಹಳೆಯ ವರ್ಲ್ಡ್ ಟ್ರೇಡ್ ಸೆಂಟರಿನ ದಕ್ಷಿಣ ಗೋಪುರದಲ್ಲಿ ತಾರಸಿಯ ಮೇಲೇ ನಿಲ್ಲಬಹುದಾದ ತೆರೆದ ಡೆಕ್ಕು ಇತ್ತು. 2015ರಲ್ಲಿ ತೆರೆದ ಹೊಸದು ಪೂರ್ತಿ ಮುಚ್ಚಿದ್ದು. ಯಾವ ಕಿಟಕಿಯೂ ತೆರೆಯುವುದಿಲ್ಲ. ಲಿಫ್ಟು 47 ಸೆಕೆಂಡಿನಲ್ಲಿ 102ನೆಯ ಮಹಡಿ ಮುಟ್ಟುತ್ತದೆ. ಅಷ್ಟರಲ್ಲಿ ಅದರ ಗೋಡೆಗಳ ಪರದೆಯ ಮೇಲೆ 1500ರ ಕಾಲದಿಂದ ಇಂದಿನವರೆಗೆ ಊರು ಬೆಳೆದ ಬಗೆ ಓಡುತ್ತದೆ. ಅವಳಿ ಗೋಪುರಗಳಲ್ಲೊಂದರ ಗೋಡೆ ನಾಲ್ಕು ಸೆಕೆಂಡಿಗೂ ಕಡಿಮೆ ಹೊತ್ತು ಪಕ್ಕದಲ್ಲಿ ಕಂಡು ಇಲ್ಲವಾಗುತ್ತದೆ. ಒಂದು ಮಾತೂ ಇಲ್ಲದ ಆ ಕ್ಷಣ ಇಡೀ ಡೆಕ್ಕಿನ ಅತ್ಯಂತ ಸಮರ್ಥ ರಚನೆ. ಆದರೆ ಮೇಲೆ ಇಳಿದವರಿಗೆ ಒಡನೆ ಊರು ಸಿಗುವುದಿಲ್ಲ. ಮೊದಲು ಕತ್ತಲಲ್ಲಿ ನಿಲ್ಲಿಸಿ ನ್ಯೂಯಾರ್ಕಿನ ಕಿರುಚಿತ್ರ ತೋರಿಸುತ್ತಾರೆ, ಆಮೇಲೆ ಪರದೆ ಮೇಲೇರಿ ನಿಜವಾದ ನ್ಯೂಯಾರ್ಕು ಕಾಣುತ್ತದೆ. ನೆರೆದವರು ಓಹೋ ಎನ್ನುವುದೂ ನಿಜ. ಆದರೂ ಊರು ತಾನಾಗಿ ಸಾಲದು, ಅದಕ್ಕೊಂದು ಟ್ರೇಲರು ಬೇಕೆಂದು ಯಾರೋ ತೀರ್ಮಾನಿಸಿದ್ದಾರಲ್ಲ ಎಂಬುದು ನನ್ನ ತಕರಾರು. ಬಂದರು, ಲಿಬರ್ಟಿ ಪ್ರತಿಮೆ, ಎಲ್ಲಿಸ್ ದ್ವೀಪ, ಬ್ರೂಕ್ಲಿನ್ ಸೇತುವೆಗಳನ್ನು ನೋಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಮಿಡ್‌ಟೌನಿನ ಗೋಪುರಗಳು ಮಾತ್ರ ಐದು ಕಿಲೋಮೀಟರಿನಾಚೆ ಗುಂಪಾಗಿ ಕಾಣುತ್ತವೆ. ಸಂಜೆ ಒಳಗಿನ ದೀಪಗಳು ಗಾಜಿನಲ್ಲಿ ಪ್ರತಿಫಲಿಸಿ ಫೋಟೋ ಕೆಡುತ್ತದೆ.

ಎಡ್ಜ್ 2020ರ ಮಾರ್ಚಿನಲ್ಲಿ ತೆರೆದು, ಕೋವಿಡ್ಡಿನಿಂದ ಕೆಲವೇ ದಿನಗಳಲ್ಲಿ ಮುಚ್ಚಿ, ಸೆಪ್ಟೆಂಬರಿನಲ್ಲಿ ಮತ್ತೆ ತೆರೆಯಿತು. 1,131 ಅಡಿ ಎತ್ತರದಲ್ಲಿ, ಕಟ್ಟಡದಿಂದ 80 ಅಡಿ ಹೊರಕ್ಕೆ ಚಾಚಿದ ತ್ರಿಕೋನ ಅದು. ನೆಲದಲ್ಲೊಂದು ಗಾಜಿನ ತುಂಡು, ಸುತ್ತಲೂ ಹೊರಕ್ಕೆ ವಾಲಿದ ಗಾಜಿನ ಗೋಡೆ. ಹಡ್ಸನ್ ನದಿಯ ಮೇಲೆ ಸೂರ್ಯ ಇಳಿಯುವುದನ್ನು ನೋಡಲು ಪಶ್ಚಿಮದ ಈ ಜಾಗ ಸೊಗಸು, ಎಂಪೈರ್ ಸ್ಟೇಟ್ ಕೂಡ ಪೂರ್ವಕ್ಕೆ ಚೆನ್ನಾಗಿ ಕಾಣುತ್ತದೆ. ಉತ್ತರದ ನೋಟ ಅಷ್ಟಕ್ಕಷ್ಟೆ. ಇಲ್ಲಿನ ಬಂಡವಾಳ ನೋಟಕ್ಕಿಂತ ಮಿಗಿಲಾಗಿ ಭಯ. ಗಾಜಿನ ನೆಲದ ಮೇಲೆ ಮಲಗಿ, ವಾಲಿದ ಗೋಡೆಗೆ ಒರಗಿ ಜನ ಫೋಟೋ ತೆಗೆಸಿಕೊಳ್ಳುತ್ತಾರೆ. ಇನ್ನೂ ಧೈರ್ಯವಿದ್ದವರಿಗೆ ಹಗ್ಗ ಕಟ್ಟಿಕೊಂಡು ಕಟ್ಟಡದ ಹೊರಮೈ ಹತ್ತುವ ಸಿಟಿ ಕ್ಲೈಂಬ್ ಇದೆ, ಬೇರೆ ಟಿಕೆಟ್ಟಿಗೆ. ಕಾಲು ನಡುಗುತ್ತಿರುವಾಗ ಯಾವ ಕಟ್ಟಡ ಎಲ್ಲಿದೆ ಎಂದು ಹುಡುಕುವ ವ್ಯವಧಾನ ಯಾರಿಗೂ ಇರುವುದಿಲ್ಲ.

2021ರ ಅಕ್ಟೋಬರಿನಲ್ಲಿ ತೆರೆದ ಸಮಿಟ್ ಈ ಹಾದಿಯನ್ನು ಕೊನೆ ಮುಟ್ಟಿಸಿತು. ಕೆಂಜೋ ಡಿಜಿಟಲ್ ಎಂಬ ಕಲಾವಿದ ರೂಪಿಸಿದ ಕೋಣೆಗಳಲ್ಲಿ ನೆಲ, ಚಾವಣಿ, ಕಂಬ ಎಲ್ಲವೂ ಕನ್ನಡಿ. ಬೂಟಿಗೆ ಬಟ್ಟೆಯ ಚೀಲ ತೊಡಬೇಕು. ಬಿಸಿಲು ಕುಕ್ಕುವುದರಿಂದ ಕಪ್ಪು ಕನ್ನಡಕ ತರಬೇಕು. ಕೆಳಗೆ ಕನ್ನಡಿ ಇರುವುದರಿಂದ ಲಂಗ ಬಿಟ್ಟು ಪ್ಯಾಂಟು ಹಾಕಿಬರುವುದು ಲೇಸೆಂದು ಅವರೇ ಸೂಚಿಸುತ್ತಾರೆ. ಇನ್ನೊಂದು ಕೋಣೆಯಲ್ಲಿ ಬೆಳ್ಳಿಬಣ್ಣದ ಬಲೂನುಗಳು ತೇಲುತ್ತಿರುತ್ತವೆ. ಇಲ್ಲೊಂದು ಅಪರೂಪದ ನೋಟವಿದೆ: ಕ್ರೈಸ್ಲರ್ ಕಟ್ಟಡದ ಉಕ್ಕಿನ ಕಿರೀಟ ಪೂರ್ವದಲ್ಲಿ ಕೈಗೆಟಕುವಷ್ಟು ಹತ್ತಿರ. ಕ್ರೈಸ್ಲರಿನ 71ನೆಯ ಮಹಡಿಯಲ್ಲಿದ್ದ ಡೆಕ್ಕು 1945ರಲ್ಲೇ ಮುಚ್ಚಿದ್ದರಿಂದ ಅದನ್ನು ಇಷ್ಟು ಸಮೀಪದಿಂದ ನೋಡುವ ಭಾಗ್ಯ ಬಹುಕಾಲ ಯಾರಿಗೂ ಇರಲಿಲ್ಲ. ಆದರೆ ಕಿಟಕಿಗೆ ಬೆನ್ನು ಹಾಕಿ, ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಳ್ಳುವವರೇ ಅಲ್ಲಿ ಹೆಚ್ಚು. ಅದು ಅವರ ತಪ್ಪಲ್ಲ; ಕೋಣೆಯನ್ನು ಕಟ್ಟಿರುವುದೇ ಅದಕ್ಕೆ.

ಇದಕ್ಕೊಂದು ಪ್ರತಿವಾದವಿದೆ, ಅದರಲ್ಲಿ ಹುರುಳೂ ಇದೆ. ಎಲ್ಲ ಡೆಕ್ಕುಗಳಲ್ಲೂ ಜನ ಫೋಟೋಗೆಂದೇ ಬರುತ್ತಾರೆ, ಸಮಿಟ್ ಅದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದೆ ಅಷ್ಟೇ ಎಂಬುದು. ಹಳೆಯವೇನೂ ಸಾಚಾ ಅಲ್ಲವೆಂಬುದೂ ನಿಜ. ಉಕ್ಕಿನ ತೊಲೆಯ ಮೇಲೆ ಸಾಲಾಗಿ ಕೂತು ಊಟ ಮಾಡುವ ಹನ್ನೊಂದು ಕೆಲಸಗಾರರ 1932ರ ಹೆಸರಾಂತ ಚಿತ್ರವನ್ನು ತೆಗೆಸಿದ್ದೇ ರಾಕಫೆಲ್ಲರ್ ಸೆಂಟರಿನ ಪ್ರಚಾರಕ್ಕೆ. 2023ರಿಂದ ಅಂಥದೇ ತೊಲೆಯ ಮೇಲೆ ಪ್ರವಾಸಿಗರನ್ನು ಕೂರಿಸಿ, ಎತ್ತಿ, ತಿರುಗಿಸಿ ಫೋಟೋ ತೆಗೆಯುವ ವ್ಯವಸ್ಥೆ ರಾಕ್‌ನಲ್ಲೂ ಬಂದಿದೆ, ದುಡ್ಡು ಬೇರೆ. ಪ್ರಾಣ ಕೈಯಲ್ಲಿ ಹಿಡಿದು ದುಡಿದವರ ಜಾಗದಲ್ಲಿ ಬೆಲ್ಟು ಕಟ್ಟಿಕೊಂಡು ಕೂತು ನಗುವುದು ನನಗೆ ರುಚಿಸದು. ಆದರೂ ಇವೆರಡಕ್ಕೂ ವ್ಯತ್ಯಾಸವಿದೆ. ರಾಕ್‌ನಲ್ಲಿ ತೊಲೆಯನ್ನು ದಾಟಿ 70ನೆಯ ಮಹಡಿಗೆ ನಡೆದುಬಿಡಬಹುದು. ಸಮಿಟ್‌ನ ಕೋಣೆಗಳಲ್ಲಿ ಕನ್ನಡಿಯಿಂದ ತಪ್ಪಿಸಿಕೊಳ್ಳಲು ಕಾಲಿಡುವ ನೆಲವೂ ಬಿಡುವುದಿಲ್ಲ.

ಹೀಗಾಗಿ ನನ್ನ ತೀರ್ಪು ಇಷ್ಟು. ಒಂದೇ ಸಲ ಹತ್ತುವವರು ರಾಕ್ ಹತ್ತಲಿ, ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲು. ಹಗಲು, ಸಂಜೆ, ದೀಪ ಹತ್ತುವ ಹೊತ್ತು ಮೂರೂ ಒಂದೇ ಟಿಕೆಟ್ಟಿನಲ್ಲಿ ಸಿಗುತ್ತವೆ. ಕಟ್ಟಡಗಳ ಕಥೆಯಲ್ಲಿ ಆಸೆಯಿರುವವರಿಗೆ ಎಂಪೈರ್ ಸ್ಟೇಟಿನ 86ನೆಯ ಮಹಡಿ, ಜನ ಕರಗಿದ ಮೇಲೆ ರಾತ್ರಿ ತಡವಾಗಿ. ಚಳಿ ತಡೆಯದ ಹಿರಿಯರಿಗೆ ಒನ್ ವರ್ಲ್ಡ್. ಜೆರ್ಸಿಯಿಂದ ಬರುವ ಪಾತ್ ರೈಲು ಅದರ ಬುಡದಲ್ಲೇ ಇಳಿಸುತ್ತದೆ. ಹದಿಹರೆಯದ ಮಕ್ಕಳು ಹಟ ಹಿಡಿದರೆ ಸಮಿಟ್ ಇರಲಿ, ಆದರೆ ಅದನ್ನು ಊರು ನೋಡಿದ ಲೆಕ್ಕಕ್ಕೆ ಹಿಡಿಯಬಾರದು. ನ್ಯೂಯಾರ್ಕಿನ ಗೋಪುರಗಳ ಇಡೀ ಸಾಲನ್ನು ನೋಡುವ ಆಸೆಯಿದ್ದರೆ ಹತ್ತಲೇಬೇಕಾಗಿಲ್ಲ. ಸ್ಟೇಟನ್ ಐಲೆಂಡ್ ಫೆರಿ ಬಿಟ್ಟಿ. ಹಡ್ಸನ್ನಿನ ಆಚೆ ದಡದ ವೀಹಾಕನ್, ಹೊಬೋಕನ್, ಜೆರ್ಸಿ ಸಿಟಿಗಳಿಂದ ಮ್ಯಾನ್‌ಹಟನ್ ಉದ್ದಕ್ಕೂ ಕಾಣುತ್ತದೆ. ಆ ಕಡೆ ನಮ್ಮವರ ಮನೆಗಳೇ ಬೇಕಾದಷ್ಟಿವೆ.

ಡೆಕ್ಕೊಂದು ಒಳ್ಳೆಯದೋ ಅಲ್ಲವೋ ಎಂದು ಅಳೆಯಲು ಕೊನೆಗೆ ಉಳಿಯುವುದು ಒಂದೇ ಅಳತೆ: ಮಾಡಲು ಏನೂ ಕೊಡದಿದ್ದರೂ ಜನ ಅಲ್ಲಿ ಎಷ್ಟು ಹೊತ್ತು ನಿಲ್ಲುತ್ತಾರೆ ಎಂಬುದು. ಕನ್ನಡಿ ಬಲೂನುಗಳನ್ನು ತೆಗೆದರೆ ಸಮಿಟ್‌ನಲ್ಲಿ ಕ್ರೈಸ್ಲರ್ ನೋಡಿ ಕೆಳಗಿಳಿಯಬಹುದು. ಭಯವನ್ನು ತೆಗೆದರೆ ಎಡ್ಜ್‌ನಲ್ಲಿ ಒಂದು ಸೂರ್ಯಾಸ್ತ ಉಳಿಯುತ್ತದೆ. ರಾಕ್‌ನ 70ನೆಯ ಮಹಡಿಯಲ್ಲಿ ಏನನ್ನು ತೆಗೆದರೂ ನೋಟ ಹಾಗೇ ಉಳಿಯುತ್ತದೆ. ಇನ್ನು ಮುಂದೆ ಎಷ್ಟು ಎತ್ತರದಲ್ಲಿ ಎಷ್ಟು ಹೊಸ ಡೆಕ್ಕುಗಳು ಬಂದರೂ ಅವನ್ನು ತೂಗಬೇಕಾದದ್ದು ಅದರ ಎದುರಿಗೇ.