ರುದ್ರಪ್ರಯಾಗದ ಚಿರತೆಯ ಸೀಮೆ

ಜಿಮ್ ಕಾರ್ಬೆಟ್ಟರ ರುದ್ರಪ್ರಯಾಗದ ಪುಸ್ತಕವನ್ನು ಬೇಟೆಯ ಕಥೆಯೆಂದು ಓದುವುದೇ ವಾಡಿಕೆ. ಇಂಗ್ಲಿಷಿನಲ್ಲಿ ಓದಿದವರಿರಲಿ, ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ಓದಿದವರಿರಲಿ, ನೆನಪಿನಲ್ಲಿ ಉಳಿಯುವುದು ಆ ಕತ್ತಲೆ, ಮುಚ್ಚಿದ ಬಾಗಿಲುಗಳು ಮತ್ತು ಕಡೆಯ ಗುಂಡು. ನಾನೂ ಹಾಗೆಯೇ ಓದಿದ್ದವನು. ಈ ಸಲ ಅದನ್ನು ಮತ್ತೆ ಕೈಗೆತ್ತಿಕೊಂಡ ಕಾರಣ ಬೇರೆ. ಗೋರೆಗಾಂವ್ ಪೂರ್ವದಲ್ಲಿ ನಾವಿರುವ ಸೊಸೈಟಿಯ ಗೋಡೆಯ ಆಚೆ ಒಂದು ಚಿರತೆ ಕಾಣಿಸಿತು. ಅದನ್ನು ಹಿಡಿದು ದೂರದ ಕಾಡಿಗೆ ಬಿಡಬೇಕೆಂದು ಅರ್ಜಿ ಬರೆದು ಮನೆಮನೆಗೆ ಸಹಿಗೆ ತಂದರು. ಚಿಕ್ಕ ಮಗಳಿರುವ ಮನೆ. ಎರಡು ಮಾತಾಡದೆ ಸಹಿ ಹಾಕಿದೆ. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದವನಿಗೆ ಮೊದಲೇ ಹೊಳೆಯಬೇಕಾಗಿದ್ದ ಪ್ರಶ್ನೆ ರಾತ್ರಿ ಮಲಗಿದ ಮೇಲೆ ಹೊಳೆಯಿತು. ದೂರದ ಕಾಡು ಎಂದರೆ ಆ ಪ್ರಾಣಿಗೆ ಏನರ್ಥ? ಅದಕ್ಕೂ ಒಂದು ಊರು, ಒಂದು ಸೀಮೆ ಇದೆಯಲ್ಲ!

ಆ ಪ್ರಶ್ನೆಯನ್ನು ಇಟ್ಟುಕೊಂಡು ಓದಿದರೆ ಕಾರ್ಬೆಟ್ಟರ ಪುಸ್ತಕ ಬೇರೆಯಾಗಿಯೇ ಕಾಣುತ್ತದೆ. 1918ರಿಂದ 1926ರವರೆಗೆ ಗಢವಾಲದಲ್ಲಿ ಆ ಚಿರತೆ ಕೊಂದದ್ದು ಸರಕಾರಿ ಲೆಕ್ಕದಲ್ಲಿ 125 ಮಂದಿಯನ್ನು. ಅದು ತಿರುಗಾಡಿದ ನೆಲ 500 ಚದರ ಮೈಲಿ, ಅಂದರೆ ಸುಮಾರು 1,300 ಚದರ ಕಿಲೋಮೀಟರ್. ನಮ್ಮ ಬೃಹನ್ಮುಂಬಯಿ ಎರಡು ಸಲ ಹಿಡಿದೂ ಮಿಗುವಷ್ಟು. ಯಾವ ಹಳ್ಳಿಯಲ್ಲಿ ಎಷ್ಟು ಮಂದಿ ಸತ್ತರು ಎಂಬ ಪಟ್ಟಿಯನ್ನೂ ಅವರು ಕೊಟ್ಟಿದ್ದಾರೆ. ಪಟ್ಟಿ ಹಿಡಿದು ನಕ್ಷೆಯ ಮೇಲೆ ಚುಕ್ಕೆ ಇಟ್ಟು, ಹೊರಅಂಚಿನ ಚುಕ್ಕೆಗಳನ್ನು ಗೆರೆಯಿಂದ ಜೋಡಿಸಿದರೆ ಒಂದು ಬಹುಭುಜ ಸಿಗುತ್ತದೆ. ಪ್ರಾಣಿಯ ಸಂಚಾರಸೀಮೆಯನ್ನು, ಅಂದರೆ ‘ಹೋಮ್ ರೇಂಜ್’ ಎಂಬುದನ್ನು, ಅಳೆಯುವ ಅತ್ಯಂತ ಹಳೆಯ, ಸರಳವಾದ ವಿಧಾನ ಇದೇ.

ಆದರೆ ನನ್ನ ಆಕ್ಷೇಪಣೆಯೂ ಇಲ್ಲಿಯೇ ಇದೆ. ಈ ಚುಕ್ಕೆಗಳೆಲ್ಲ ಮನುಷ್ಯರು ಸತ್ತ ಜಾಗಗಳು. ಚಿರತೆ ಬಂಡೆಯ ಸಂದಿನಲ್ಲಿ ಮಲಗಿದ ಹಗಲುಗಳು, ಆಡನ್ನೋ ನಾಯಿಯನ್ನೋ ಹಿಡಿದ ರಾತ್ರಿಗಳು, ಏನೂ ಸಿಗದೆ ಸುಮ್ಮನೆ ನಡೆದ ಮೈಲಿಗಳು ಯಾವ ಪಟವಾರಿಯ ದಫ್ತರಕ್ಕೂ ಸೇರಲಿಲ್ಲ. ಹಾಗಾಗಿ ಆ ನಕ್ಷೆ ಚಿರತೆಯದು ಎನ್ನುವುದಕ್ಕಿಂತ ನಮ್ಮ ದುಃಖದ ನಕ್ಷೆ ಎಂದರೆ ಸರಿಯಾದೀತು. 125 ಸಾವುಗಳನ್ನೂ ಒಂದೇ ಪ್ರಾಣಿಯ ಲೆಕ್ಕಕ್ಕೆ ಬರೆದದ್ದರಲ್ಲಿಯೂ ಸಂದೇಹಕ್ಕೆ ಎಡೆಯಿದೆ. ಅದನ್ನು ಕೊಂದಮೇಲೆ ಸಾವುಗಳು ನಿಂತುವು ಎಂಬುದು ಕಾರ್ಬೆಟ್ಟರ ಪಕ್ಷಕ್ಕೆ ದೊಡ್ಡ ಸಾಕ್ಷಿ, ಒಪ್ಪುತ್ತೇನೆ. ಆದರೂ ಹಿಂದಿನ ಎಂಟು ವರ್ಷಗಳ ಒಂದೊಂದು ಚುಕ್ಕೆಗೂ ಅದು ಸಾಕ್ಷಿಯಾಗಲಾರದು.

ಕಾರ್ಬೆಟ್ಟರ ನಿಜವಾದ ದೊಡ್ಡತನ ಕಾಣುವುದು ಚದರ ಮೈಲಿಗಳಲ್ಲಲ್ಲ. ಅಲಕನಂದಾ ನದಿ ಆ ಸೀಮೆಯನ್ನು ಸೀಳಿಕೊಂಡು ಹರಿಯುತ್ತದೆ. ತಣ್ಣಗೆ ಕೊರೆಯುವ, ಭೋರ್ಗರೆವ ಆ ನೀರನ್ನು ಚಿರತೆ ಈಜುವುದಿಲ್ಲ, ತೂಗುಸೇತುವೆಗಳ ಮೇಲೆಯೇ ದಾಟುತ್ತದೆ ಎಂದು ತರ್ಕಿಸಿ ರಾತ್ರಿ ಸೇತುವೆಗಳನ್ನು ಮುಚ್ಚಿಸಿದರು. ತಾವೇ ರುದ್ರಪ್ರಯಾಗದ ಸೇತುವೆಯ ಗೋಪುರವೇರಿ ಇಪ್ಪತ್ತು ರಾತ್ರಿ ಕಾದರು. ಚಿರತೆ ಬರಲಿಲ್ಲ. ಬರಲಿಲ್ಲವೆಂಬುದನ್ನು ಮುಚ್ಚಿಡದೆ ಬರೆದಿದ್ದಾರೆ. ಶಾಸ್ತ್ರ ಓದಿದವರಿಗೆ ಇಂಥ ಸೊನ್ನೆಯ ಬೆಲೆ ಗೊತ್ತು. ಆಮೇಲೆ ರುದ್ರಪ್ರಯಾಗಕ್ಕೂ ಗೋಲಾಬ್ರಾಯಿಗೂ ನಡುವಿನ ಯಾತ್ರಿಕರ ದಾರಿಯಲ್ಲಿ ಅದು ಸರಾಸರಿ ಐದು ದಿನಕ್ಕೊಮ್ಮೆ ಹಾದುಹೋಗುತ್ತದೆಂದು ಲೆಕ್ಕ ಹಾಕಿದರು. ಆ ಲೆಕ್ಕವನ್ನು ನಂಬಿ ಮಾವಿನ ಮರವೇರಿ ರಾತ್ರಿಯ ಮೇಲೆ ರಾತ್ರಿ ಕುಳಿತೇ ಅದನ್ನು ಕೊಂದದ್ದು. ಸೀಮೆ ಎಷ್ಟು ದೊಡ್ಡದು ಎಂಬುದಕ್ಕಿಂತ ಅದರೊಳಗೆ ಯಾವ ದಾರಿಗೆ ಎಷ್ಟು ದಿನಕ್ಕೆ ಮರಳುತ್ತದೆ ಎಂಬುದೇ ಮುಖ್ಯವೆಂದು ಕೊರಳಪಟ್ಟಿ, ರೇಡಿಯೋ ಒಂದೂ ಇಲ್ಲದೆ ಅವರು ಕಂಡುಕೊಂಡಿದ್ದರು.

ಇನ್ನೊಂದು ಅಧ್ಯಾಯದಲ್ಲಿ ನರಭಕ್ಷಕನಿಗೂ ಮತ್ತೊಂದು ಗಂಡು ಚಿರತೆಗೂ ರಾತ್ರಿ ಕಾದಾಟವಾಗುತ್ತದೆ. ತನ್ನದೆಂದುಕೊಂಡ ಜಾಗಕ್ಕೆ ಬಂದ ಹೊರಗಿನವನನ್ನು ಅಲ್ಲಿಯವನು ಸಹಿಸಲಿಲ್ಲ ಎಂದು ಕಾರ್ಬೆಟ್ಟರು ಅರ್ಥೈಸುತ್ತಾರೆ. ತಿರುಗುವ ಸೀಮೆ ಬೇರೆ, ಕಾದಾಡಿ ಉಳಿಸಿಕೊಳ್ಳುವ ಒಡೆತನದ ಸೀಮೆ ಬೇರೆ ಎಂಬ ಭೇದವನ್ನು ಅಮೆರಿಕದ ವಿಲಿಯಂ ಬರ್ಟ್ 1943ರಲ್ಲಿ ಒಂದು ಪ್ರಸಿದ್ಧ ಲೇಖನದಲ್ಲಿ ಬಿಡಿಸಿ ಹೇಳಿದರು. ಆಹಾರ, ಸಂಗ, ಮರಿಗಳ ಪಾಲನೆಗಾಗಿ ದಿನನಿತ್ಯ ಓಡಾಡುವ ನೆಲವೇ ಸಂಚಾರಸೀಮೆ. ಎಂದೋ ಒಮ್ಮೆ ಹೊರಗೆ ಹೋಗಿಬಂದದ್ದನ್ನು ಅದಕ್ಕೆ ಸೇರಿಸಬಾರದು ಎಂದರು.

ಕಾರ್ಬೆಟ್ಟರಿಗಿಲ್ಲದ ಸಾಧನ ನಮಗಿದೆ. ಆದರೆ ಅದು ಕೊಡುವ ಚುಕ್ಕೆಗಳನ್ನೂ ವಿವೇಕವಿಲ್ಲದೆ ಜೋಡಿಸುವಂತಿಲ್ಲ. 2009ರಲ್ಲಿ ಅಹಮದನಗರ ಜಿಲ್ಲೆಯ ಬಾವಿಯೊಂದರಿಂದ ಮೇಲೆತ್ತಿದ ಗಂಡು ಚಿರತೆಗೆ ವಿದ್ಯಾ ಅತ್ರೇಯ ಮತ್ತು ಅರಣ್ಯ ಇಲಾಖೆಯವರು ಜಿ.ಪಿ.ಎಸ್. ಕೊರಳಪಟ್ಟಿ ಕಟ್ಟಿ ಮಾಳಶೇಜ್ ಘಾಟಿನಲ್ಲಿ ಬಿಟ್ಟರು. ಆಜೋಬಾ, ಅಂದರೆ ಅಜ್ಜ, ಎಂದು ಅದಕ್ಕೆ ಹೆಸರು. ಹೆದ್ದಾರಿ, ರೈಲುಹಳಿ ದಾಟಿ, ವಸಈ ಖಾಡಿಯನ್ನು ಈಜಿ, ಸುಮಾರು 120 ಕಿಲೋಮೀಟರ್ ನಡೆದು ಅಜ್ಜ ಬಂದು ಸೇರಿದ್ದು ನಮ್ಮ ಸಂಜಯ ಗಾಂಧಿ ಉದ್ಯಾನವನ್ನು! ಆ ನಡಿಗೆಯ ಚುಕ್ಕೆಗಳನ್ನೆಲ್ಲ ಒಳಗೊಂಡು ಬಹುಭುಜ ಎಳೆದರೆ ಅದು ಎಂದೂ ವಾಸಿಸದ ನೆಲವೂ ಅದರ ಸೀಮೆಯಾಗಿಬಿಡುತ್ತದೆ. ಬರ್ಟ್ ಹೇಳಿದ ಎಚ್ಚರಿಕೆ ಇದೇ. ಆಜೋಬಾ 2011ರಲ್ಲಿ ಹೆದ್ದಾರಿಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತಿತು.

ಇನ್ನು ನಮ್ಮ ಅರ್ಜಿಯ ವಿಷಯ. ಜುನ್ನರ ಭಾಗದಲ್ಲಿ ಈ ಶತಮಾನದ ಆರಂಭದಲ್ಲಿ ಹೊಲಗಳಲ್ಲಿ ಸಿಕ್ಕ ಚಿರತೆಗಳನ್ನು ಹಿಡಿದು ಕಾಡಿಗೆ ಒಯ್ದು ಬಿಟ್ಟರು. ಮನುಷ್ಯರ ಮೇಲಿನ ದಾಳಿಗಳು ಅದರಿಂದ ಕಡಮೆಯಾಗಲಿಲ್ಲ, ಹೆಚ್ಚಿದುವು. ಅತ್ರೇಯ ಮತ್ತು ಸಂಗಡಿಗರು ಇದನ್ನು 2011ರಲ್ಲಿ ಪ್ರಕಟಿಸಿದ್ದಾರೆ. ಬಿಟ್ಟ ಜಾಗದಲ್ಲಿ ಆ ಪ್ರಾಣಿ ಹೊಸಬ. ಖಾಲಿಯಾದ ಜಾಗಕ್ಕೆ ಇನ್ನೊಂದು ಬರಬಹುದು. ಕಾರ್ಬೆಟ್ಟರ ಆ ಕಾದಾಟದ ಅಧ್ಯಾಯವನ್ನು ಓದಿದವರಿಗೆ ಇದು ಅಚ್ಚರಿಯಾಗಬಾರದು. ನಾನು ಅದನ್ನು ಓದಿ ಮುಗಿಸುವಷ್ಟರಲ್ಲಿ ತಡವಾಗಿತ್ತು. ಸಹಿಯನ್ನು ಹೊಡೆದುಹಾಕಿ ಎಂದು ಕಾರ್ಯದರ್ಶಿಗಳ ಬಳಿ ಹೋದರೆ, ಅರ್ಜಿ ಅಂದೇ ಹೋಯಿತು ಸಾಹೇಬರೇ ಎಂದರು. ಹಿಂದಿನ ಗೇಟಿನ ಕಸದ ರಾಶಿಯನ್ನೂ, ಅದಕ್ಕೆ ಮುತ್ತುವ ನಾಯಿಗಳನ್ನೂ, ಆ ನಾಯಿಗಳಿಗಾಗಿ ಬರುವವನನ್ನೂ ಕುರಿತು ಇನ್ನೊಂದು ಕಾಗದ ಬರೆದುಕೊಟ್ಟು ಬಂದಿದ್ದೇನೆ. ಅದಕ್ಕೆ ಇದುವರೆಗೆ ಮೂರು ಸಹಿ ಬಿದ್ದಿವೆ.