ಹರಾಜಿಗೆ ಬಂದ ಶಿಲ್ಪಗಳು: ಕಡೂರು–ತರೀಕೆರೆ ಸೀಮೆಯಿಂದ ಒಂದು ವಿಮರ್ಶೆ

ಪ್ರಾಚೀನ ಶಿಲ್ಪಗಳನ್ನೂ ಪುರಾತನ ವಸ್ತುಗಳನ್ನೂ ಹರಾಜಿನಲ್ಲಿ ಕೊಂಡು ಸಂಗ್ರಹಿಸುವ ಪದ್ಧತಿ ಯೂರೋಪು ಅಮೆರಿಕಗಳಲ್ಲಿ ಬಹುಕಾಲದಿಂದ ಬೆಳೆದುಬಂದಿದೆ. ಲಂಡನ್, ನ್ಯೂಯಾರ್ಕ್, ಹಾಂಗ್‌ಕಾಂಗ್ ನಗರಗಳ ಹರಾಜು ಸಂಸ್ಥೆಗಳು ಮಾರಾಟಕ್ಕೆ ಮುನ್ನ ಅಂದವಾದ ಛಾಯಾಚಿತ್ರಗಳೊಡನೆ ಮಾರಾಟಪಟ್ಟಿಗಳನ್ನು ಪ್ರಕಟಿಸುತ್ತವೆ. ಪ್ರತಿಯೊಂದು ವಸ್ತುವಿಗೂ ಕಾಲ, ದೇಶ, ಶಿಲೆ, ಎತ್ತರ, ಶೈಲಿ ಇವುಗಳ ವಿವರಣೆ ಇರುತ್ತದೆ. ಕೆಲವೊಮ್ಮೆ ವಿದ್ವಾಂಸರ ದೀರ್ಘ ಟಿಪ್ಪಣಿಯೂ ಇರುತ್ತದೆ. ಹೀಗಾಗಿ ಈ ಪಟ್ಟಿಗಳು ವ್ಯಾಪಾರದ ಕಾಗದವೆಂಬ ಹೆಸರನ್ನು ಕಳಚಿಕೊಂಡು ಕಲೆಯ ಇತಿಹಾಸದ ಆಕರಗಳ ಸಾಲಿಗೆ ಮೆಲ್ಲಮೆಲ್ಲನೆ ಸೇರುತ್ತಿವೆ. ಇತಿಹಾಸಕಾರನು ಇವನ್ನು ಎಷ್ಟರಮಟ್ಟಿಗೆ ನಂಬಬಹುದು, ಇವು ಏನನ್ನು ಹೇಳುತ್ತವೆ, ಏನನ್ನು ಹೇಳದೆ ಬಿಡುತ್ತವೆ ಎಂಬುದನ್ನು ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯ ಶಿಲ್ಪಗಳನ್ನು ಒರೆಗಲ್ಲಾಗಿ ಇಟ್ಟುಕೊಂಡು ವಿಚಾರಮಾಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಪಟ್ಟಿಯ ಭಾಷೆಯನ್ನು ನೋಡೋಣ. ಹೊಯ್ಸಳ ಶಿಲ್ಪವೊಂದು ಮಾರಾಟಕ್ಕೆ ಬಂದಾಗ ಸಾಮಾನ್ಯವಾಗಿ ಕೊಡುವ ವಿವರ ಇಷ್ಟೇ: ದಕ್ಷಿಣ ಭಾರತ, ಕರ್ನಾಟಕ, ಹೊಯ್ಸಳರ ಕಾಲ, ಹನ್ನೆರಡು ಅಥವಾ ಹದಿಮೂರನೆಯ ಶತಮಾನ, ಬಳಪದ ಕಲ್ಲು. ಆಮೇಲೆ ಒಡೆತನದ ಚರಿತ್ರೆ: ಖಾಸಗಿ ಸಂಗ್ರಹದಿಂದ ಬಂದದ್ದು, 1970ಕ್ಕೆ ಮುಂಚೆ ಕೊಂಡದ್ದು. ಮೇಲುನೋಟಕ್ಕೆ ಇದು ಶಾಸ್ತ್ರೀಯವಾಗಿಯೇ ಇದೆ. ಆದರೆ ಪರ್ಯಾಲೋಚಿಸಿದರೆ ಮೊದಲನೆಯ ಭಾಗ ಶಿಲ್ಪವನ್ನು ಕಣ್ಣಿನಿಂದ ನೋಡಿ ಯಾರು ಬೇಕಾದರೂ ಊಹಿಸಬಹುದಾದದ್ದು. ಎರಡನೆಯ ಭಾಗ ಮಾರುವವನ ಮಾತು. ಯಾವ ಊರು, ಯಾವ ಗುಡಿ, ಯಾವ ಗೋಡೆ, ಎಷ್ಟನೆಯ ಸಾಲು ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿಲ್ಲ. ಇತಿಹಾಸಕ್ಕೆ ಬೇಕಾದುದು ಈ ಉತ್ತರವೇ ಹೊರತು ಶೈಲಿಯ ವರ್ಣನೆಯೊಂದೇ ಅಲ್ಲ.

ಇದರ ಮಹತ್ತ್ವ ತಿಳಿಯಬೇಕಾದರೆ ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಹೋಗಿ ನೋಡಬೇಕು. ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮಿತಯ್ಯನು ಕ್ರಿ.ಶ. 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯದ ಗೋಡೆಗಳಲ್ಲಿ 140 ಕಥಾಫಲಕಗಳಿವೆ. ದಕ್ಷಿಣದಲ್ಲಿ ರಾಮಾಯಣದ 70 ಫಲಕಗಳು. ಉತ್ತರದಲ್ಲಿ ಕೃಷ್ಣಚರಿತೆಯ 25 ಮತ್ತು ಮಹಾಭಾರತದ 45 ಫಲಕಗಳು. ಉತ್ತರದ ಕಥೆಗಳು ಹೊಯ್ಸಳ ಸಂಪ್ರದಾಯದಂತೆ ಪ್ರದಕ್ಷಿಣಕ್ರಮದಲ್ಲಿ ಸಾಗಿದರೆ, ರಾಮಾಯಣವು ಅಪೂರ್ವವೆಂಬಂತೆ ಅಪ್ರದಕ್ಷಿಣಕ್ರಮದಲ್ಲಿ ಸಾಗುತ್ತದೆ. ಈ ವೈಶಿಷ್ಟ್ಯವು ಯಾವ ಒಂದು ಫಲಕದಲ್ಲಿಯೂ ಕಾಣುವಂಥದಲ್ಲ. ಎಪ್ಪತ್ತು ಫಲಕಗಳೂ ತಮ್ಮ ತಮ್ಮ ಸ್ಥಾನದಲ್ಲಿ ಇರುವುದರಿಂದಲೇ ಅದು ನಮಗೆ ವಿದಿತವಾಗಿದೆ. ಅವುಗಳಲ್ಲಿ ಒಂದನ್ನು ಬಿಡಿಸಿ ಪಟ್ಟಿಯಲ್ಲಿ ಮುದ್ರಿಸಿದ ಪಕ್ಷದಲ್ಲಿ ‘ರಾಮಾಯಣದ ಒಂದು ದೃಶ್ಯ, ಹೊಯ್ಸಳ’ ಎಂಬ ನಾಲ್ಕು ಪದಗಳು ಉಳಿದಾವು. ಕಥೆಯ ನಡೆ ಅಳಿದುಹೋದೀತು. ಹಿಂದಿನ ಫಲಕ ಮುಂದಿನ ಫಲಕಗಳ ನಡುವೆ ತೆರಪು ಬೀಳುವುದರಿಂದ ಉಳಿದ ಅರುವತ್ತೊಂಬತ್ತಕ್ಕೂ ನಷ್ಟವೇ.

ಇದೇ ದೇವಾಲಯದ ಮಂಟಪದ ಭುವನೇಶ್ವರಿಗಳಲ್ಲಿ ರೂವಾರಿ ಮಲ್ಲಿತಮ್ಮನು ತನ್ನ ವೃತ್ತಿಯನ್ನು ಆರಂಭಿಸಿದನೆಂದು ವಿದ್ವಾಂಸರು ಗುರುತಿಸಿದ್ದಾರೆ. ಮುಂದೆ ನುಗ್ಗೇಹಳ್ಳಿ, ಸೋಮನಾಥಪುರಗಳವರೆಗೆ ಅವನ ಕೈಯ ಗುರುತು ಹರಿದಿದೆ. ಒಬ್ಬ ಶಿಲ್ಪಿಯ ಜೀವಮಾನದ ಕೆಲಸವನ್ನು ಅರ್ಧ ಶತಮಾನಕ್ಕೂ ಮೇಲ್ಪಟ್ಟ ಅವಧಿಯಲ್ಲಿ ಊರಿಂದೂರಿಗೆ ಹಿಂಬಾಲಿಸುವ ಇಂಥ ಅವಕಾಶ ಭಾರತದ ಶಿಲ್ಪಚರಿತ್ರೆಯಲ್ಲಿ ವಿರಳ. ಇದು ಸಾಧ್ಯವಾದದ್ದು ಹೊಯ್ಸಳ ಶಿಲ್ಪಿಗಳು ವಿಗ್ರಹದ ಪೀಠದಲ್ಲಿ ತಮ್ಮ ಹೆಸರನ್ನು ಕೆತ್ತಿದ್ದರಿಂದಲೂ, ಆ ವಿಗ್ರಹಗಳು ಕಾಲ ಗೊತ್ತಿರುವ ಗುಡಿಗಳಲ್ಲಿ ಉಳಿದುಬಂದದ್ದರಿಂದಲೂ. ಗೋಡೆಯಿಂದ ವಿಗ್ರಹವನ್ನು ಕತ್ತರಿಸುವವನಿಗೆ ಪೀಠವು ಭಾರ. ಅವನು ಅದನ್ನು ಬಿಟ್ಟುಹೋದರೆ ಹೆಸರೂ ಅಲ್ಲಿಯೇ ಉಳಿಯುತ್ತದೆ. ವಿಗ್ರಹ ಅನಾಮಧೇಯವಾಗಿ ಹಡಗನ್ನೇರುತ್ತದೆ. ಅಮೃತಾಪುರದ ದೊಡ್ಡ ಶಿಲಾಶಾಸನದಲ್ಲಿ ಕವಿ ಜನ್ನನ ಪದ್ಯಗಳಿವೆ ಎಂಬುದನ್ನು ಇಲ್ಲಿ ನೆನೆಯಬೇಕು. ರಾಜ, ದಂಡನಾಯಕ, ಕವಿ, ರೂವಾರಿ ಇವರೆಲ್ಲರೂ ಒಂದೇ ಅಂಗಳದಲ್ಲಿ ಕೂಡಿರುವಾಗ ಆ ಕೂಟವೇ ಇತಿಹಾಸ. ಹರಾಜು ಅದನ್ನು ಬಿಡಿಬಿಡಿಯಾಗಿಸಿ ಬೆಲೆಕಟ್ಟುತ್ತದೆ.

ಅಮೃತಾಪುರಕ್ಕೆ ಕಾವಲಿದೆ, ಅದು ಸಂರಕ್ಷಿತ ಸ್ಮಾರಕ. ಆದರೆ ಈ ಸೀಮೆಯ ಶಿಲ್ಪಸಂಪತ್ತೆಲ್ಲ ಹಾಗಿಲ್ಲ. ಹೊಯ್ಸಳರ ಅಧೀನದಲ್ಲಿ ಗಂಗವಂಶದ ನಾಯಕರು ಆಳಿದ ಆಸಂದಿನಾಡಿನ ಊರುಗಳಲ್ಲಿ, ಕಡೂರಿನ ಕೆರೆಯೇರಿಗಳಲ್ಲಿ, ಅಜ್ಜಂಪುರದ ಕಡೆಯ ಹೊಲಗಳ ಬದುಗಳಲ್ಲಿ ವೀರಗಲ್ಲುಗಳೂ ಮಾಸ್ತಿಕಲ್ಲುಗಳೂ ಒಡೆದ ವಿಗ್ರಹಗಳೂ ಬಯಲಲ್ಲೇ ನಿಂತಿವೆ. ವೀರಗಲ್ಲಿನ ರಚನೆ ವಿದ್ಯಾರ್ಥಿಗಳಿಗೆ ತಿಳಿದದ್ದೇ: ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ದೇವಸನ್ನಿಧಿ, ಪಟ್ಟಿಕೆಗಳ ನಡುವಣ ಅಂಚಿನಲ್ಲಿ ಬರವಣಿಗೆ. ತುರುಗಳನ್ನು ಕಾಯಲು ಸತ್ತವನೊಬ್ಬನ ಕಲ್ಲು ಅವನು ಸತ್ತ ಊರಿನ ಎಲ್ಲೆಯಲ್ಲಿರುವವರೆಗೆ ಆ ಊರಿನ ಹಸು, ಹುಲ್ಲುಗಾವಲು, ಗಡಿಜಗಳ ಇವುಗಳ ಸಾಕ್ಷಿ. ಶ್ರೀಮಂತನ ಹಜಾರದಲ್ಲಿ ದೀಪದ ಬೆಳಕಿಗೆ ನಿಂತಾಗ ಅದು ‘ಯೋಧನ ಫಲಕ’.

ಇಲ್ಲಿ ನಮ್ಮ ವಿದ್ವತ್ತಿನ ಒಂದು ನ್ಯೂನತೆಯನ್ನೂ ಹೇಳದೆ ವಿಧಿಯಿಲ್ಲ. ಬಿ. ಎಲ್. ರೈಸ್ ಅವರು 1901ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟವು ಆಗಿನ ಕಡೂರು ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ಸಂಖ್ಯೆಕೊಟ್ಟು ಸಂಗ್ರಹಿಸಿದೆ. ಬೂತುಗನ ಅಕ್ಕ ಪಾಂಬಬ್ಬೆಯು ಮೂವತ್ತು ವರ್ಷ ತಪವನ್ನಾಚರಿಸಿದ ಸಂಗತಿಯನ್ನು ಹೇಳುವ ಕ್ರಿ.ಶ. 971ರ ಕಡೂರು ಶಾಸನದಂಥವು ವಿದ್ವಲ್ಲೋಕಕ್ಕೆ ಪರಿಚಿತವಾದದ್ದು ಇಂಥ ಉದ್ಯಮದಿಂದಲೇ. ಆ ಸಂಪುಟಕ್ಕೆ ನಾವು ಎಷ್ಟು ಕೃತಜ್ಞರಾದರೂ ಸಾಲದು. ಆದರೆ ಅದರ ಗುರಿ ಅಕ್ಷರ. ಅಕ್ಷರವುಳ್ಳ ಕಲ್ಲಿಗೆ ಸಂಖ್ಯೆ ಬಂತು, ಊರಿನ ಹೆಸರು ಬಂತು, ಪಾಠ ಬಂತು; ಅಕ್ಷರವಿಲ್ಲದ ಕಲ್ಲು ಲೆಕ್ಕಕ್ಕೆ ಬರಲಿಲ್ಲ. ಮುಂದಿನ ಪೀಳಿಗೆಯ ಶಾಸನಜ್ಞರೂ ಹೆಚ್ಚಾಗಿ ಇದೇ ದಾರಿಯನ್ನು ಹಿಡಿದರು. ಶಾಸನಸಹಿತವಾದ ವೀರಗಲ್ಲು ಕಳವಾದರೆ ಅದು ತನ್ನ ವಿಳಾಸವನ್ನು ತಾನೇ ಹೊತ್ತುಕೊಂಡು ಹೋಗುತ್ತದೆ. ಎಲ್ಲಿ ತಲೆದೋರಿದರೂ ಗುರುತಿಸಬಹುದು. ಶಾಸನರಹಿತವಾದದ್ದು ಹೋದರೆ ಹೋದಂತೆಯೇ. ವ್ಯಾಪಾರಿಗೆ ಬೇಕಾದದ್ದು ಈ ಎರಡನೆಯ ಬಗೆಯದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನು ಇಲ್ಲವೆ ಎಂದು ಕೇಳಬಹುದು. ಇದೆ. ನೂರು ವರ್ಷಕ್ಕೆ ಕಡಮೆಯಿಲ್ಲದ ಶಿಲ್ಪವು 1972ರ ಪುರಾತನ ವಸ್ತು ಮತ್ತು ಕಲಾನಿಧಿಗಳ ಅಧಿನಿಯಮದ ಪ್ರಕಾರ ಪುರಾತನ ವಸ್ತು. 1976ರಲ್ಲಿ ಜಾರಿಗೆ ಬಂದ ಈ ಅಧಿನಿಯಮವು ಖಾಸಗಿಯವರು ಅದನ್ನು ಪರದೇಶಕ್ಕೆ ರಫ್ತುಮಾಡುವುದನ್ನು ನಿಷೇಧಿಸಿದೆ. ವ್ಯಾಪಾರಕ್ಕೆ ಪರವಾನಗಿ ಬೇಕು, ಒಡೆತನಕ್ಕೆ ನೋಂದಣಿ ಬೇಕು, ಕೈಬದಲಾದರೆ ತಿಳಿಸಬೇಕು. ದೇಶದೊಳಗೆ ನೋಂದಾಯಿತ ವಸ್ತುವನ್ನು ಕೊಳ್ಳುವುದು ಅಪರಾಧವಲ್ಲ. ಆದರೆ ನೋಂದಣಿಯು ಒಡೆಯನನ್ನು ಅವಲಂಬಿಸಿದೆ. ಹೊಲದ ಬದುವಿನ ಕಲ್ಲಿಗೆ ಒಡೆಯನಾರು? ಅದನ್ನು ಯಾರೂ ನೋಂದಾಯಿಸಿಲ್ಲ. ಆದುದರಿಂದ ಅದು ಹೋದಾಗ ಯಾವ ಪುಸ್ತಕದಲ್ಲಿಯೂ ಒಂದು ಸಾಲು ಖಾಲಿಯಾಗುವುದಿಲ್ಲ. ಮಹಾಲೇಖಪಾಲರು 2013ರ ವರದಿಯಲ್ಲಿ, ಪರಿಶೀಲಿಸಿದ 1,655 ಕೇಂದ್ರಸಂರಕ್ಷಿತ ಸ್ಮಾರಕಗಳ ಪೈಕಿ 92 ಸ್ಥಳದಲ್ಲಿ ಕಾಣಲಿಲ್ಲವೆಂದು ಬರೆದರು. ಸಂರಕ್ಷಿತವಾದವುಗಳ ಗತಿಯೇ ಇದಾದರೆ ಬಯಲಿನ ಕಲ್ಲುಗಳ ವಿಷಯವನ್ನು ಊಹಿಸಿಕೊಳ್ಳಬಹುದು.

ಇನ್ನು ಪಟ್ಟಿಗಳಲ್ಲಿ ಮತ್ತೆ ಮತ್ತೆ ಕಾಣುವ 1970 ಎಂಬ ವರ್ಷದ ಮರ್ಮವೇನು? ಸಾಂಸ್ಕೃತಿಕ ಸ್ವತ್ತಿನ ಅಕ್ರಮ ಸಾಗಾಟವನ್ನು ತಡೆಯುವ ಯುನೆಸ್ಕೋ ಒಪ್ಪಂದ ಆ ವರ್ಷದ್ದು. ಭಾರತವು 1977ರಲ್ಲಿ ಅದನ್ನು ಅನುಮೋದಿಸಿತು. ಒಪ್ಪಂದವು ಹಿಂದಿನ ಕಾಲಕ್ಕೆ ಅನ್ವಯಿಸುವುದಿಲ್ಲವಾದ್ದರಿಂದ ಅದಕ್ಕೆ ಮುಂಚಿನ ಖರೀದಿ ಎಂದರೆ ನಿರಾತಂಕವಾದ ಖರೀದಿ ಎಂಬ ರೂಢಿ ಬೆಳೆಯಿತು. ಆದರೆ ಭಾರತದಲ್ಲಿ 1947ರಲ್ಲಿಯೇ ಪುರಾತನ ವಸ್ತುಗಳ ರಫ್ತನ್ನು ನಿಯಂತ್ರಿಸುವ ಅಧಿನಿಯಮ ಬಂದಿತ್ತು. ಆದುದರಿಂದ 1970ಕ್ಕೆ ಮುಂಚೆ ಕೊಂಡದ್ದು ಎಂದ ಮಾತ್ರಕ್ಕೆ ನ್ಯಾಯವಾಗಿ ದೇಶ ಬಿಟ್ಟದ್ದು ಎಂದಾಗುವುದಿಲ್ಲ. ಅದು ಪರದೇಶದ ಮಾರುಕಟ್ಟೆಯ ಅನುಕೂಲಕ್ಕೆ ಹಾಕಿಕೊಂಡ ಗೆರೆ, ಇತಿಹಾಸದ ಗೆರೆಯಲ್ಲ. ಇಂಥ ಪಟ್ಟಿಗಳ ವಿಶ್ವಾಸಾರ್ಹತೆ ಅಲುಗಾಡಿದ ಪ್ರಸಂಗಗಳೂ ಉಂಟು. 2016ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಸಂಸ್ಥೆಯಲ್ಲಿ ಮಾರಾಟಕ್ಕೆ ಇಟ್ಟಿದ್ದ ಎರಡು ಭಾರತೀಯ ಶಿಲ್ಪಗಳನ್ನು, ಒಂದು ಋಷಭನಾಥ ಇನ್ನೊಂದು ರೇವಂತ, ಕಳವಿನ ವಸ್ತುಗಳೆಂದು ಅಮೆರಿಕದ ಅಧಿಕಾರಿಗಳು ಹರಾಜಿಗೆ ಮುನ್ನವೇ ವಶಪಡಿಸಿಕೊಂಡರು.

ಸಂಗ್ರಾಹಕರ ಪಕ್ಷವನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ಹಳ್ಳಿಗಳಲ್ಲಿ ವಿಗ್ರಹಗಳು ಬಟ್ಟೆ ಒಗೆಯುವ ಕಲ್ಲಾಗಿ, ಮೋರಿಯ ಚಪ್ಪಡಿಯಾಗಿ ಸವೆಯುತ್ತಿದ್ದುವು, ನಾವು ಕೊಂಡು ಉಳಿಸಿದೆವು ಎಂದು ಅವರು ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ನಮ್ಮ ಅಲಕ್ಷ್ಯವನ್ನು ಮರೆಮಾಚಿ ಅವರ ಲೋಭವನ್ನು ಮಾತ್ರ ಎತ್ತಿ ಆಡುವುದು ಸುಲಭ. ಆದರೆ ಉಳಿಸುವುದಕ್ಕೂ ಕೊಳ್ಳುವುದಕ್ಕೂ ಭೇದವುಂಟು. ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯದಲ್ಲಿಯೂ ಹಳೇಬೀಡಿನ ಸಂಗ್ರಹಾಲಯದಲ್ಲಿಯೂ ಸುತ್ತಲಿನ ಶಿಲ್ಪಗಳನ್ನು ತಂದು ಇರಿಸಿದ್ದಾರೆ. ಅವೂ ತಮ್ಮ ಸ್ಥಾನವನ್ನು ಬಿಟ್ಟುಬಂದವೇ. ಆದರೆ ಅವು ಸಾರ್ವಜನಿಕರ ಸ್ವತ್ತಾಗಿ, ತಮ್ಮ ನಾಡಿನಲ್ಲಿಯೇ, ವಿದ್ಯಾರ್ಥಿಯ ಕೈಗೆಟುಕುವಂತೆ ಇವೆ. ಹರಾಜಿನ ಬೆಲೆ ಏರಿದಷ್ಟೂ ಗೋಡೆಗೆ ಉಳಿ ಹಾಕುವವನ ಆಸೆ ಏರುತ್ತದೆ. ಒಂದು ಶಿಲ್ಪವನ್ನು ಉಳಿಸಿದೆನೆಂದು ಹೇಳುವವನು ಮುಂದಿನ ಹತ್ತು ಶಿಲ್ಪಗಳಿಗೆ ಬೆಲೆಯನ್ನು ಗೊತ್ತುಮಾಡಿರುತ್ತಾನೆ.

ಹಾಗಾದರೆ ನಾವೇ ಹರಾಜಿನಲ್ಲಿ ಕೊಂಡು ತಂದರೆ ಹೇಗೆ? ಕರ್ನಾಟಕಕ್ಕೆ ಇದರ ಅನುಭವವುಂಟು. ಟಿಪ್ಪು ಸುಲ್ತಾನನದೆಂಬ ಖಡ್ಗವೊಂದನ್ನು 2003ರಲ್ಲಿ ಲಂಡನ್ನಿನ ಹರಾಜಿನಲ್ಲಿ ವಿಜಯ ಮಲ್ಯ ಅವರು ಕೊಂಡಾಗ ನಾಡಿನಲ್ಲಿ ಸಂತೋಷವಾಯಿತು. 2016ರಲ್ಲಿ ಅದನ್ನು ಅವರು ಬೇರೆಯವರಿಗೆ ಕೊಟ್ಟುಬಿಟ್ಟರೆಂದು 2018ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ಬ್ಯಾಂಕುಗಳ ಪರ ವಕೀಲರು ತಿಳಿಸಿದರು. ಟಿಪ್ಪುವಿನ ಶಯನಾಗಾರದ ಖಡ್ಗವು 2023ರ ಮೇ ತಿಂಗಳಲ್ಲಿ ಬಾನಮ್ಸ್ ಸಂಸ್ಥೆಯ ಹರಾಜಿನಲ್ಲಿ ಸುಮಾರು 1 ಕೋಟಿ 40 ಲಕ್ಷ ಪೌಂಡುಗಳಿಗೆ ಹೋಯಿತು. ಖಾಸಗಿ ಔದಾರ್ಯದಿಂದ ಬಂದದ್ದು ಖಾಸಗಿ ಇಚ್ಛೆಯಿಂದಲೇ ಹೋಗಬಲ್ಲುದು ಎಂಬುದು ಮೊದಲನೆಯ ಪ್ರಸಂಗದ ಪಾಠ. ಸರ್ಕಾರದ ವಸ್ತುಸಂಗ್ರಹಾಲಯಗಳು ಇಂಥ ಸವಾಲಿನಲ್ಲಿ ಕೂಗಿ ಗೆಲ್ಲಲಾರವು ಎಂಬುದು ಎರಡನೆಯದರ ಪಾಠ. 2025ರಲ್ಲಿ ಪಿಪ್ರಾಹ್ವಾದ ಬೌದ್ಧ ಧಾತುರತ್ನಗಳನ್ನು ಹಾಂಗ್‌ಕಾಂಗಿನಲ್ಲಿ ಹರಾಜಿಗಿಟ್ಟಾಗ ಭಾರತ ಸರ್ಕಾರದ ಆಕ್ಷೇಪಣೆಯ ಮೇಲೆ ಮಾರಾಟ ನಿಂತು, ಅದೇ ವರ್ಷದ ಜುಲೈಯಲ್ಲಿ ಅವು ಸ್ವದೇಶಕ್ಕೆ ಬಂದವು. ಅಲ್ಲಿ 1898ರ ಉತ್ಖನನದ ದಾಖಲೆ ಇತ್ತು. ಯಾವ ಸ್ತೂಪ, ಯಾವ ಕರಂಡಕ ಎಂಬುದು ಜಗತ್ತಿಗೇ ಗೊತ್ತಿತ್ತು. ಆಕ್ಷೇಪಣೆಗೆ ಬಲ ಬಂದದ್ದು ಆ ದಾಖಲೆಯಿಂದ.

ತಮಿಳುನಾಡಿನ ಶ್ರೀಪುರಂದಾನ್ ನಟರಾಜನ ವಿಷಯವೂ ಇದನ್ನೇ ಸಮರ್ಥಿಸುತ್ತದೆ. ಆಸ್ಟ್ರೇಲಿಯದ ರಾಷ್ಟ್ರೀಯ ಕಲಾಶಾಲೆಯು 2008ರಲ್ಲಿ ಕೊಂಡಿದ್ದ ಆ ವಿಗ್ರಹವು 2014ರಲ್ಲಿ ಹಿಂದಿರುಗಿತು. ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ವಿಗ್ರಹವು ಗುಡಿಯಲ್ಲಿದ್ದಾಗ ತೆಗೆದಿದ್ದ ಛಾಯಾಚಿತ್ರಗಳು ಅದರ ಗುರುತನ್ನು ಸ್ಥಾಪಿಸಿದುವು. ವಿಗ್ರಹವನ್ನು ತಂದುಕೊಟ್ಟದ್ದು ಭಕ್ತರ ದುಃಖವಾಗಲಿ ಪತ್ರಿಕೆಗಳ ಕೋಪವಾಗಲಿ ಅಲ್ಲ. ಯಾರೋ ಒಬ್ಬರು ಕಳವಾಗುವ ಮುಂಚೆಯೇ ಶ್ರದ್ಧೆಯಿಂದ ಮಾಡಿಟ್ಟಿದ್ದ ಕೆಲಸ. ಅಂಥ ಚಿತ್ರ ಆಸಂದಿಯ ಹೊಲದ ಒಂದು ಒಡೆದ ಸಪ್ತಮಾತೃಕೆಗೆ, ಅಜ್ಜಂಪುರದ ದಾರಿಯ ಒಂದು ಮಾಸ್ತಿಕಲ್ಲಿಗೆ ಇದೆಯೆ ಎಂದು ನಮ್ಮನ್ನು ನಾವು ಕೇಳಿಕೊಳ್ಳಬೇಕು.

ಈ ಕೆಲಸಕ್ಕೆ ದೊಡ್ಡ ಹಣವಾಗಲಿ ವಿಶೇಷ ಪಾಂಡಿತ್ಯವಾಗಲಿ ಬೇಡ. ಪ್ರತಿಯೊಂದು ಕಾಲೇಜಿನ ಇತಿಹಾಸ ವಿಭಾಗವೂ ತನ್ನ ಸುತ್ತಣ ಹತ್ತು ಊರುಗಳನ್ನು ವಹಿಸಿಕೊಳ್ಳಬಹುದು. ಅಳತೆಗೋಲನ್ನು ಪಕ್ಕದಲ್ಲಿಟ್ಟು ನಾಲ್ಕು ಕಡೆಯಿಂದಲೂ ಚಿತ್ರ ತೆಗೆಯುವುದು. ಎತ್ತರ, ಅಗಲ, ದಪ್ಪ ಬರೆಯುವುದು. ಒಡೆದ ಮೂಗು, ಮುರಿದ ಕೈ, ಚಕ್ಕೆ ಎದ್ದ ಅಂಚು ಇವನ್ನು ವಿಶೇಷವಾಗಿ ಗುರುತಿಸುವುದು. ಹೊಲದ ಸರ್ವೆ ನಂಬರನ್ನೂ ಊರವರು ಕಲ್ಲಿಗೆ ಕರೆಯುವ ಹೆಸರನ್ನೂ ನಮೂದಿಸುವುದು. ಸುಂದರವಾದ ಭಾಗಗಳು ಹಲವು ಶಿಲ್ಪಗಳಲ್ಲಿ ಒಂದೇ ತೆರನಾಗಿರಬಹುದು, ಒಡಕು ಮಾತ್ರ ಪ್ರತಿಯೊಂದಕ್ಕೂ ಬೇರೆ. ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯುವುದು ಈ ಒಡಕೇ. ಇಂಥ ವಿವರಣೆಗೆ 1997ರಿಂದ ಆಬ್ಜೆಕ್ಟ್ ಐಡಿ ಎಂಬ ಅಂತರರಾಷ್ಟ್ರೀಯ ಮಾದರಿಯೂ ಇದೆ. ಒಂದು ಪ್ರತಿ ಗ್ರಾಮಪಂಚಾಯಿತಿಯಲ್ಲಿ, ಒಂದು ಕಾಲೇಜಿನಲ್ಲಿ, ಒಂದು ಪುರಾತತ್ತ್ವ ಇಲಾಖೆಯಲ್ಲಿ ಇರತಕ್ಕದ್ದು.

ಹರಾಜಿನ ಪಟ್ಟಿಯನ್ನು ವಿದ್ಯಾರ್ಥಿಗಳು ಓದಬಾರದೆಂದು ನಾನು ಹೇಳುವುದಿಲ್ಲ. ಓದಲಿ, ಆದರೆ ಪರಪಕ್ಷದ ವಕೀಲನು ಸಲ್ಲಿಸಿದ ಕಾಗದವನ್ನು ಓದುವಂತೆ, ಬಿಟ್ಟುಹೋದ ಮಾತನ್ನು ಹುಡುಕುತ್ತ ಓದಲಿ. ಆ ಪಟ್ಟಿಗೆ ಎದುರಾಗಿ ನಿಲ್ಲತಕ್ಕದ್ದು ಇನ್ನೊಂದು ಪಟ್ಟಿ, ಊರು ಊರಿನ ಕಲ್ಲುಗಳ ಪಟ್ಟಿ. ಮೊದಲನೆಯದು ವರ್ಷವರ್ಷವೂ ಸೊಗಸಾದ ಕಾಗದದಲ್ಲಿ ಹೊರಬರುತ್ತಿದೆ. ಎರಡನೆಯದರಲ್ಲಿ ಕಡೂರು, ತರೀಕೆರೆ, ಅಜ್ಜಂಪುರಗಳ ಪುಟಗಳನ್ನು ಬರೆಯಬೇಕಾದವರು ಈ ಸಂಚಿಕೆಯನ್ನು ಓದುತ್ತಿರುವ ನಾವೇ.