ಐದು ಹೆಸರುಗಳು

ಹಳೆಯ ಒಡಂಬಡಿಕೆ ಓದಲು ಕುಳಿತವರು ಎಡವುವುದು ಅದರ ವಂಶಾವಳಿಗಳಲ್ಲಿ. ಇಂಥವನು ಇಂಥವನನ್ನು ಪಡೆದನು, ಅವನು ಇನ್ನೊಬ್ಬನನ್ನು ಪಡೆದನು. ಪೂರ್ವಕಾಲವೃತ್ತಾಂತದ ಮೊದಲ ಭಾಗದಲ್ಲಂತೂ 9 ಅಧ್ಯಾಯ ಹೆಚ್ಚಾಗಿ ಇದೇ. ಮೂವತ್ತು ವರ್ಷ ತರಗತಿಯಲ್ಲಿ ಹಾಜರಿ ಕೂಗಿದ ನಾನೇ ಆಕಳಿಸಿ ಪುಟ ಮಗುಚಿದ್ದುಂಟು. ಹೆತ್ತವಳ ಸುದ್ದಿಯೇ ಇಲ್ಲದ ಈ ಸಾಲುಗಳಲ್ಲಿ ನಮಗೇನಿದೆ ಎಂಬ ಸಿಟ್ಟೂ ಇತ್ತು.

ಅರಣ್ಯಕಾಂಡದ 26ನೇ ಅಧ್ಯಾಯದಲ್ಲಿ ನಾನು ತಡೆದು ನಿಂತೆ. ಅಲ್ಲಿ ನಡೆಯುವುದು ಜನಗಣತಿ. 20 ವರ್ಷ ದಾಟಿದ, ಯುದ್ಧಕ್ಕೆ ಹೋಗಬಲ್ಲ ಗಂಡಸರು 6,01,730. ಈ ಲೆಕ್ಕದ ಮೇಲೆಯೇ ಮುಂದೆ ಭೂಮಿ ಹಂಚಬೇಕು. ಅಂದರೆ ವಂಶಾವಳಿ ಬರೀ ಹಿರಿಯರ ಹೊಗಳಿಕೆಯಲ್ಲ, ಜಮೀನಿನ ಕಾಗದ. ಪೌತಿ ಖಾತೆಗಾಗಿ ವಂಶವೃಕ್ಷ ಹಿಡಿದು ಕಚೇರಿ ಸುತ್ತಿದ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಗಂಡಸರ ನಡುವೆ ಮನಸ್ಸೆಯ ಕುಲದಲ್ಲಿ ಗಂಡುಮಕ್ಕಳಿಲ್ಲದ ಚಲ್ಪಹಾದನ ಐವರು ಹೆಣ್ಣುಮಕ್ಕಳು: ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ.

ಮುಂದಿನ ಅಧ್ಯಾಯದಲ್ಲಿ ಅವರು ಮೋಶೆಯ ಎದುರು, ಇಡೀ ಸಭೆಯ ಮುಂದೆ ನಿಂತು ಪಾಲು ಕೇಳುತ್ತಾರೆ. ಹೇಗೆ ಕೇಳುತ್ತಾರೆ ನೋಡಿ. ನಮಗೆ ಬೇಕು ಎಂದಷ್ಟೇ ಅನ್ನುವುದಿಲ್ಲ. ಗಂಡುಮಗನಿಲ್ಲವೆಂದು ತಂದೆಯ ಹೆಸರು ಅಳಿಯಬೇಕೆ ಅನ್ನುತ್ತಾರೆ. ಬೇಡಿಕೆ ದೇವರಿಗೆ ಒಪ್ಪಿಗೆಯಾಗುತ್ತದೆ. ಇದು ಜಾಣತನವೋ ಅನಿವಾರ್ಯವೋ, ನನಗಿನ್ನೂ ಬಗೆಹರಿದಿಲ್ಲ. ಹತ್ತು ಅಧ್ಯಾಯ ದಾಟುವುದರೊಳಗೆ ಕುಲದ ಹಿರಿಯರ ತಕರಾರು: ಇವರು ಬೇರೆ ಕುಲಕ್ಕೆ ಮದುವೆಯಾದರೆ ಭೂಮಿಯೂ ಹೋಗುತ್ತದಲ್ಲ! ಸರಿ, ತಂದೆಯ ಕುಲದೊಳಗೇ ಮದುವೆ ಎಂಬ ಷರತ್ತು ಬಿತ್ತು. ಕೊಟ್ಟ ಕೈಯೇ ಬೇಲಿ ಹಾಕಿತು.

ಭೂಮಿಯ ಮಾತಿರುವ ಕಡೆಯೆಲ್ಲ, ಯೆಹೋಶುವನ ಗ್ರಂಥವೂ ಸೇರಿ ನಾಲ್ಕು ಸಲ, ಐದೂ ಹೆಸರು ಬರುತ್ತವೆ. ಬಾಬಿಲೋನಿನ ಸೆರೆಯ ನಂತರ ಬರೆದ ಪೂರ್ವಕಾಲವೃತ್ತಾಂತದಲ್ಲಿ ಮಾತ್ರ ಚಲ್ಪಹಾದನಿಗೆ ಹೆಣ್ಣುಮಕ್ಕಳಿದ್ದರು ಎಂದಷ್ಟೇ ಇದೆ. ಹಂಚಿಕೆ ಮುಗಿದು ಎಷ್ಟೋ ಕಾಲವಾಗಿತ್ತು, ಹೆಸರು ಯಾರಿಗೆ ಬೇಕಿತ್ತು? ಹೀಗೆಂದು ಮುಖ ಗಂಟಿಕ್ಕುವಷ್ಟರಲ್ಲಿ ಅದೇ ಅಧ್ಯಾಯದಲ್ಲಿ ಶೇರಾ ಎಂಬವಳು ಎದುರಾದಳು. ಮೇಲಿನ ಬೇತ್‌ಹೋರೋನ್, ಕೆಳಗಿನ ಬೇತ್‌ಹೋರೋನ್ ಎರಡನ್ನೂ ಕಟ್ಟಿಸಿದವಳು! ಒಂದೇ ವಾಕ್ಯ, ಮತ್ತೆ ಗಂಡಸರ ಸಾಲು.

ಈಗ ನಾನು ಪಟ್ಟಿಗಳನ್ನು ಹಾರಿಸುವುದಿಲ್ಲ. ಅಂದಹಾಗೆ, ಆ ಐವರು ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳನ್ನು ಮದುವೆಯಾದರು ಎಂದಿದೆ. ಗಂಡಂದಿರ ಹೆಸರು ಎಲ್ಲಿಯೂ ಇಲ್ಲ.